ಹಿಡಿಗಲ್ಲಿನ ಸಂದಿಯಲ್ಲಿ ಅಕ್ಕ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಸೀಟಿಯಿಂದ. ಅಪ್ಪ ಮೊದಲು ಮಹಾರಾಜರ ಕುದುರೆ ಪಡೆಯಲ್ಲಿದ್ದು, ಆಮೇಲೆ ಮಧುಗಿರಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರಾದವರು. ಸೀಟಿ ಕೇಳಿದ ಮೇಲೆ ಹಾಸಿಗೆಯಲ್ಲಿ ಇರುವಂತಿಲ್ಲ. ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಬೇಕು. ಹೊದಿಕೆಯ ಅಂಚಿಗೆ ಅಂಚು ಕೂಡಬೇಕು. ಮುಖ ತೊಳೆದು, ವಿಭೂತಿ ಹಚ್ಚಿ, ನಡುಮನೆಯಲ್ಲಿ ಸಾಲಾಗಿ ನಿಲ್ಲಬೇಕು. ಸಾಲು ಎಂದರೆ ಅಕ್ಕ ಮತ್ತು ನಾನು, ಇಬ್ಬರೇ. ಅಪ್ಪ ಉಗುರು ನೋಡುತ್ತಿದ್ದರು, ಜಡೆ ನೋಡುತ್ತಿದ್ದರು, "ಸರಿ" ಅನ್ನುತ್ತಿದ್ದರು. ಅಷ್ಟಾದ ಮೇಲೆ ಹಾಲು. ಅಕ್ಕ ಮದುವೆಯಾಗಿ ಪಾವಗಡದ ಸೀಮೆಗೆ ಹೋದ ಮೇಲೆ ಸಾಲಿನಲ್ಲಿ ನಾನೊಬ್ಬಳೇ ಉಳಿದೆ. ಆದರೂ ಅಪ್ಪ "ಸಾಲು!" ಎಂದೇ ಕೂಗುತ್ತಿದ್ದರು.

ಈ ಶಿಸ್ತಿನ ಬಗ್ಗೆ ನನ್ನದು ದೂರಿಲ್ಲ. ಮುಂದೆ ನಾನೂ ಶಾಲೆಯಲ್ಲಿ ಪಾಠ ಹೇಳಿದವಳು, ಅದರಿಂದಲೇ ಬದುಕಿದವಳು. ಈಗಲೂ ನನ್ನ ಹೊದಿಕೆಯ ಅಂಚಿಗೆ ಅಂಚು ಕೂಡುತ್ತದೆ. ಆದರೆ ಆ ಮನೆಯಲ್ಲಿ ಕೊಟ್ಟ ಮಾತನ್ನೂ ಹಾಗೆಯೇ ಮಡಿಸಿಡುತ್ತಿದ್ದರು. ಒಮ್ಮೆ ಮಡಿಸಿದ ಮೇಲೆ ಯಾರೂ ಬಿಚ್ಚುವಂತಿರಲಿಲ್ಲ, ಅಪ್ಪ ಕೂಡ.

ಅದು ಯುದ್ಧದ ಕಾಲ. ಸಕ್ಕರೆಗೆ, ಸೀಮೆಎಣ್ಣೆಗೆ ರೇಷನ್ ಬಂದಿತ್ತು. ರಾಗಿ ಇದ್ದವರೂ ಇಲ್ಲವೆನ್ನುತ್ತಿದ್ದರು. ಅಕ್ಕನನ್ನು ಕೊಟ್ಟದ್ದು ನಾಗಲಮಡಿಕೆಯ ಹತ್ತಿರದ ಒಂದು ಹಳ್ಳಿಗೆ. ಹೊಲ, ಎತ್ತು, ಕಡಲೆಕಾಯಿ ಎಲ್ಲ ಇದ್ದ ಮನೆಯೇ. ಉಗ್ರಾಣದ ಬೀಗದಕೈ ಮಾತ್ರ ಅವಳ ಅತ್ತೆಯ ಸೊಂಟದಲ್ಲಿ. ಆಕೆ ಚಿಕ್ಕಂದಿನಲ್ಲಿ ಬರ ಕಂಡವಳು. ಕಾಳಿನ ಗುಡಾಣದ ತಳ ಕಂಡರೆ ಆಕೆ ಅಡಿಗೆಯ ಅಳತೆ ತಗ್ಗಿಸುತ್ತಿದ್ದಳಂತೆ. ಮದುವೆಯಾಗಿ ಎರಡನೆಯ ವರ್ಷ, ಯುಗಾದಿ ಕಳೆದ ಮೇಲೆ, ಆ ಮನೆಯ ಆಳು ಮಧುಗಿರಿಯ ಸಂತೆಗೆ ಬಂದವನು ನಮ್ಮ ಜಗಲಿಯ ಮೇಲೆ ಕುಳಿತ. ಅವ್ವ ಕೊಟ್ಟ ಮಜ್ಜಿಗೆ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದ:

"ನಿಮ್ಮ ಮಗಳು ಕದ್ದು ತಿಂತಾಳಂತೆ ಸ್ವಾಮಿ. ಬೆಲ್ಲ ಕರಗ್ತದೆ, ತುಪ್ಪ ಇಳೀತದೆ ಅಂದ್ರು ನಮ್ಮ ದೊಡ್ಡಮ್ಮನೋರು. ಹಿಡಿಗಲ್ಲಿನಾಗೆ ದಾಟಿಸಾನ, ತವರಿನೋರು ಬಂದು ನೋಡ್ಲಿ ಅಂದ್ರು. ಅಂದಿದ್ದು ನಾನಲ್ಲ ಸ್ವಾಮಿ, ಅವ್ರು."

"ಯಾರು, ಅವಳಾ?" ಅವ್ವ ಬಾಗಿಲ ಹಿಂದಿನಿಂದಲೇ ಕೇಳಿದಳು. "ತಟ್ಟೆಗೆ ಹಾಕಿದ ಮುದ್ದೇಲಿ ಅರ್ಧ ನನ್ನ ತಟ್ಟೆಗೆ ದಾಟಿಸ್ತಿದ್ದೋಳು ಕದ್ದು ತಿಂತಾಳಾ?"

ಹಿಡಿಗಲ್ಲು ಎಂದರೆ ಪಾವಗಡದ ಆಚೆ, ಕುರಿ ಕಾಯುವವರ ಒಂದು ಹಟ್ಟಿಯ ಹಿಂದಿದ್ದ ಬಂಡೆಯ ಸೀಳು. ಬೆಟ್ಟದಂಥ ಎರಡು ಬಂಡೆಗಳ ನಡುವೆ ಹಳ್ಳ ಕೊರೆದ ಇಕ್ಕಟ್ಟಾದ ಓಣಿ. ಕದ್ದು ತಿಂದವರು ಅದರೊಳಗೆ ಹೋದರೆ ಕಲ್ಲು ಹೊಟ್ಟೆ ಹಿಡಿದು ನಿಲ್ಲಿಸುತ್ತದೆ ಎಂಬುದು ಆ ಸೀಮೆಯ ನಂಬಿಕೆ. ದಾಟಿದವರ ಮೇಲೆ ಮತ್ತೆ ಯಾರೂ ಆ ಮಾತು ಎತ್ತುವಂತಿಲ್ಲ. ದೂರು ಹೇಳಿದವರೇ ಆಚೆ ಬಾಯಲ್ಲಿ ನಿಂತು, ತಮ್ಮ ಕೈಯಾರೆ ಅವರಿಗೆ ಸಿಹಿ ತಿನ್ನಿಸಬೇಕು. ಪದ್ಧತಿ ಅಷ್ಟೇ.

ಅಪ್ಪನಿಗೆ ಅದು ಶಾಲೆಯ ಪರೀಕ್ಷೆಯ ಹಾಗೆ ಕಂಡಿರಬೇಕು. ಓದಿದ ಹುಡುಗಿ ಪರೀಕ್ಷೆಗೆ ಯಾಕೆ ಹೆದರಬೇಕು?

"ಹೀಗೆ ಹೇಳು," ಎಂದರು. "ನನ್ನ ಮಗಳು ದಾಟಿದರೆ ಅಲ್ಲಿಂದಲೇ ನಿಮ್ಮ ಗಾಡಿ ಹತ್ತಿ ಗಂಡನ ಮನೆಗೆ ಹೋಗುತ್ತಾಳೆ. ಕಲ್ಲು ಹಿಡಿದರೆ ನಾನು ಮನೆಗೆ ಕರೆದುಕೊಂಡು ಬರುತ್ತೇನೆ, ಮತ್ತೆ ಕಳಿಸುವುದಿಲ್ಲ. ಇದು ನನ್ನ ಮಾತು."

ನಾನು ಸಂಗಡ ಹೊರಟೆ. ಸಂದಿಯೊಳಗೆ ತವರಿನ ಒಬ್ಬ ಹೆಂಗಸು ಹಿಂದೆ ನಡೆಯಬೇಕಿತ್ತು, ಅವ್ವನಿಗೆ ಮಂಡಿ ನೋವು. ಇದ್ದಿಲು ಗ್ಯಾಸಿನ ಬಸ್ಸು. ಮಿಡಿಗೇಶಿ ದಾಟುವವರೆಗೆ ಪ್ರತಿ ಏರಿನಲ್ಲೂ ಗಂಡಸರು ಇಳಿದು ತಳ್ಳಿದರು. ಅಪ್ಪ ತಳ್ಳುವವರನ್ನೂ ಸಾಲು ನಿಲ್ಲಿಸಿ "ಒಂದ್, ಎರಡ್" ಎಂದು ಹೆಜ್ಜೆ ಹಾಕಿಸಿದರು. "ಮಾಸ್ತರೇ, ಸಂಬಳ ಕೊಟ್ಟು ಡ್ರಿಲ್ ಮಾಡಿಸ್ತೀರೋ, ಪುಗಸಟ್ಟೇನೋ?" ಎಂದು ಯಾರೋ ನಗಿಸಿದರು. ಆ ಇಡೀ ಪ್ರಯಾಣದಲ್ಲಿ ನಗು ಅಷ್ಟೇ. ರಾತ್ರಿ ಪಾವಗಡದಲ್ಲಿ ಪರಿಚಿತರ ಮನೆಯಲ್ಲಿ ಉಳಿದೆವು. ತೀರ್ಮಾನವಾಗದೆ ಬೀಗರ ಮನೆಯ ನೀರು ಕುಡಿಯಬಾರದೆಂದು ಅಪ್ಪನ ಲೆಕ್ಕ. ಬೆಳಿಗ್ಗೆ ಬಾಡಿಗೆ ಗಾಡಿಯಲ್ಲಿ ಹಟ್ಟಿಗೆ ಹೋದೆವು.

ಆ ನೆಲವನ್ನು ನೋಡಿದವರಿಗೆ ಮರೆಯುವುದಿಲ್ಲ. ಜಾಲಿ, ಕಳ್ಳಿ, ಬಂಡೆ. ಮತ್ತೆ ಬಂಡೆ. ಹಳ್ಳದಲ್ಲಿ ನೀರಿಲ್ಲ, ಬರೀ ಮರಳು. ಗಾಳಿ ಬೀಸಿದರೆ ಒಲೆಯ ಬಾಯಿ ತೆರೆದಂತಾಗುತ್ತಿತ್ತು. ಎತ್ತುಗಳು ನೆರಳು ಕಂಡಲ್ಲೆಲ್ಲ ನಿಲ್ಲುತ್ತಿದ್ದವು, ನೆರಳೇ ಕಡಿಮೆ.

ಅಕ್ಕನ ಮನೆಯವರು ಆಗಲೇ ಬಂದಿದ್ದರು. ಭಾವ ಮೂಗುದಾರ ಹಿಡಿದುಕೊಂಡು ಎತ್ತಿನ ಮುಂದೆ ನಿಂತಿದ್ದ. ನಮ್ಮನ್ನು ಕಂಡು ಕೈ ಮುಗಿದ, ಮತ್ತೆ ನೆಲ ನೋಡಿದ. ಅತ್ತೆ ಹೊಂಗೆಮರದ ಕೆಳಗೆ ಕುಳಿತು ಮಡಿಲಲ್ಲಿ ಮುಚ್ಚಳದ ಮರದ ಡಬ್ಬಿ ಇಟ್ಟುಕೊಂಡಿದ್ದಳು. ಅಕ್ಕ ಗಾಡಿಯ ಹಿಂಬದಿಯಲ್ಲಿದ್ದಳು. ಸೆರಗನ್ನು ಎರಡು ಹೆಗಲಿಗೂ ಸುತ್ತಿ ಕೊರಳವರೆಗೆ ಹೊದ್ದಿದ್ದಳು.

"ಇದೇನಕ್ಕ, ಈ ಬಿಸಿಲಲ್ಲಿ ಇಷ್ಟು ಹೊದ್ದಿದ್ದೀಯ?"

"ಬಿಸಿಲಿಗೇ ಕಣೇ," ಎಂದಳು. "ಅವ್ವ ಬರಲಿಲ್ವಾ?"

ಅಪ್ಪ ಹತ್ತಿರ ಬಂದರು. ಅಕ್ಕ ಗಾಡಿಯಿಂದ ಇಳಿದು ನೆಟ್ಟಗೆ ನಿಂತಳು, ನಡುಮನೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಕೈಬೆರಳು ಮುಂದೆ ಚಾಚಿದಳು. ಅಪ್ಪ ಉಗುರು ನೋಡಿದರು. ಜಡೆ ನೋಡಿದರು. ಮುಖ ನೋಡಿ, "ಬಿಸಿಲಿಗೆ ಕಪ್ಪಗಾಗಿದ್ದಾಳೆ" ಎಂದರು. ಆಮೇಲೆ, "ಸರಿ."

ಆ ಸಂದಿ ಹಟ್ಟಿಯವರ ಜಾಗ. ಅವರಲ್ಲೊಬ್ಬರು ಮುಂದೆ ನಡೆಯದೆ ಹೊರಗಿನವರು ಕಾಲಿಡುವಂತಿರಲಿಲ್ಲ. ಅಮಲ್ದಾರರು ಬಂದರೂ ಕಾಯಬೇಕು ಎನ್ನುತ್ತಿದ್ದರು. ನಮ್ಮ ಪಾಲಿಗೆ ಬಂದವಳು ಹಲ್ಲಿಲ್ಲದ ಒಬ್ಬ ಅಜ್ಜಿ. ಅವಳು ಮೊದಲು ಆಕಾಶ ನೋಡಿದಳು. ದಿಕ್ಕು ದಿಕ್ಕಿಗೆ ತಿರುಗಿ ನೋಡಿದಳು.

"ಮೋಡ ಇಲ್ಲ ಬುಡು. ಮಳೆ ಎಲ್ಲೋ ಮೇಗಳ ಸೀಮೇಲಿ ಹುಯ್ತದೆ ಕಣಮ್ಮ, ಇಲ್ಲಿ ಹನಿ ಬೀಳಾಕಿಲ್ಲ. ನೀರು ಮಾತ್ರ ಬತ್ತದೆ. ಬಂದ್ರೆ ಒಳಗಿದ್ದೋರು ಒಳಗೇಯ." ಆಮೇಲೆ ನಮ್ಮೆಲ್ಲರ ಮೇಲೆ ಕಣ್ಣಾಡಿಸಿದಳು. "ಕೆರ ಬುಡಿ. ಕಬ್ಣ ಗಿಬ್ಣ ಇದ್ರೆ ಇಲ್ಲೇ ಇಕ್ಕಿ. ಈ ಕಡೆ ಬಾಯಿಗೂ ಬ್ಯಾಡ, ಆ ಕಡೆ ಬಾಯಿಗೂ ಬ್ಯಾಡ."

ಅಪ್ಪ ಗಡಿಯಾರ ತೆಗೆದು ಜಾಲಿ ಕೊಂಬೆಗೆ ನೇತುಹಾಕಿದರು. ಅಜ್ಜಿ ಅವರ ಎದೆಯ ಮೇಲಿನ ಸೀಟಿ ತೋರಿಸಿದಳು.

"ಇದು ಹಿತ್ತಾಳೆ," ಎಂದರು ಅಪ್ಪ.

"ಇರ್ಲಿ, ಅದೂ ಬುಡಪ್ಪ. ಕಲ್ಲಿಗೆ ಸದ್ದು ಆಗಾಕಿಲ್ಲ."

ಸೀಟಿಯೂ ಕೊಂಬೆಗೆ ಹೋಯಿತು. ಅತ್ತೆಯ ಸರದಿ ಬಂದಾಗ ಆಕೆ ಸೊಂಟದ ಗೊಂಚಲಿನ ಮೇಲೆ ಅಂಗೈ ಇಟ್ಟುಕೊಂಡಳು. "ಉಗ್ರಾಣದ ಬೀಗದಕೈ ಕಣಮ್ಮ ಇದು. ಮನೇಲೂ ಬಿಚ್ಚಿಡಲ್ಲ ನಾನು."

"ಅಯ್, ನಮ್ಮ ಜಾಲಿ ಮರ ನಿನ್ನ ಬೆಲ್ಲ ತಿಂದದಾ? ಇಕ್ಕು," ಎಂದಳು ಅಜ್ಜಿ. ಗೊಂಚಲು ಮುಳ್ಳಿನ ನಡುವೆ ತೂಗಿತು. ಅತ್ತೆ, ಅಪ್ಪ, ಭಾವ ಮೂವರೂ ಬಂಡೆಯ ಬದಿಯಿಂದ ಸುತ್ತುಹಾಕಿ ಆಚೆ ಬಾಯಿಗೆ ಹೋದರು. ಅಜ್ಜಿ ಮುಂದೆ, ಅಕ್ಕ ನಡುವೆ, ನಾನು ಹಿಂದೆ.

ಒಳಗೆ ಕಾಲಿಟ್ಟ ಕೂಡಲೇ ಬಿಸಿಲು ಕತ್ತರಿಸಿದಂತೆ ನಿಂತಿತು. ಕಾಲಡಿ ಮರಳು ತಣ್ಣಗಿತ್ತು. ಹೊರಗಿನಿಂದ ಬೂದು ಬಣ್ಣಕ್ಕೆ ಕಂಡ ಬಂಡೆ ಒಳಗೆ ಬೇರೆಯೇ ಆಗಿತ್ತು. ಎಷ್ಟೋ ಕಾಲ ನೀರು ಉಜ್ಜಿ ಉಜ್ಜಿ ಗೋಡೆಗಳು, ತಿರುಗುವ ಮಡಕೆಯ ಮೇಲೆ ಕುಂಬಾರನ ಬೆರಳು ಎಳೆದಂತೆ, ಅಲೆ ಅಲೆಯಾಗಿ ನುಣುಪಾಗಿದ್ದವು. ಮೇಲೆ ಆಕಾಶ ಒಂದು ಸೀರೆಯಂಚಿನಷ್ಟು. ಸೂರ್ಯ ನೆತ್ತಿಗೆ ಬರುವ ಹೊತ್ತು. ಅಂಚಿನಿಂದ ಬೆಳಕು ಇಳಿದು ಒಂದು ಗೋಡೆಗೆ ತಗಲಿ, ಅಲ್ಲಿಂದ ಎದುರು ಗೋಡೆಗೆ ಜಾರಿತು. ಕಲ್ಲು ಕೆಂಪಾಗುತ್ತ ಬಂತು. ಬೂದಿ ಊದಿದಾಗ ಕೆಳಗಿನ ಕೆಂಡ ಕಾಣುವಂತೆ. ಅಷ್ಟು ಚಂದದ ಜಾಗವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಾವಲಿಯ ವಾಸನೆ ಇತ್ತು. ತಲೆಯ ಮೇಲೆ, ಎರಡಾಳೆತ್ತರದಲ್ಲಿ, ಒಂದು ಮರದ ಬೊಡ್ಡೆ ಎರಡು ಗೋಡೆಗಳ ನಡುವೆ ಅಡ್ಡ ಸಿಕ್ಕಿಕೊಂಡು ಒಣಗಿತ್ತು. ನೀರು ತಂದಿಟ್ಟದ್ದು. ಅದರ ಕೆಳಗೆ ನಾವು ತಲೆ ತಗ್ಗಿಸಿ ನಡೆದೆವು, ತಗ್ಗಿಸುವ ಅಗತ್ಯವಿಲ್ಲದಿದ್ದರೂ.

ಓಣಿ ಕಿರಿದಾಗುತ್ತ ಹೋಯಿತು. ಮೊದಲು ಕೈ ಚಾಚುವಂತಿದ್ದದ್ದು, ಆಮೇಲೆ ಮೊಣಕೈಯಷ್ಟು, ಆಮೇಲೆ ಹೆಗಲಷ್ಟು. ಒಂದು ತಿರುವಿನಲ್ಲಿ ಎರಡು ಗೋಡೆಗಳೂ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದವು. ಅಜ್ಜಿ ಅಡ್ಡಲಾಗಿ ತಿರುಗಿ, ಹಾವಿನಂತೆ ಜಾರಿ ಆಚೆ ಹೋದಳು. "ಇದೇಯ ಹಿಡಿ," ಎಂದಳು ಅಲ್ಲಿಂದ. "ಬಾರವ್ವ."

ಅಕ್ಕ ತಿರುಗಲೂ ಇಲ್ಲ. ನೆಟ್ಟಗೆ ನಡೆದು ಹೋದಳು. ಕಲ್ಲು ಅವಳ ಸೆರಗನ್ನು ಮಾತ್ರ ಹಿಡಿದು ಎಳೆದುಕೊಂಡಿತು.

ನನ್ನ ಸರದಿ. ಹೆಗಲು ಹೋಯಿತು, ಎದೆ ಹೋಯಿತು, ಸೊಂಟ ಸಿಕ್ಕಿಕೊಂಡಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. "ಏನವ್ವ, ಹಿಡಿದದ್ದು ನಿನ್ನನ್ನ! ಯಾರ ಮನೆ ಬೆಲ್ಲ ತಿಂದೆ, ಹೇಳ್ಬುಡು!"

ಅಕ್ಕನೂ ನಕ್ಕಳು. ನಗುತ್ತಲೇ ನನ್ನ ಕೈ ಹಿಡಿದು ಎಳೆದಳು. ಎಳೆದಾಗ ಅವಳ ಗಾಜಿನ ಬಳೆಗಳು ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದೇ ಸಲ ಜಾರಿದವು. ಮದುವೆಯ ಬಳೆಗಳೇ ಅವು. ತೊಡಿಸುವಾಗ ಬಳೆಗಾರ ಸಾಬೂನು ಹಚ್ಚಿ ಒತ್ತಿದ್ದ, ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಿದ್ದಳು, ನಾನು ಪಕ್ಕದಲ್ಲಿ ಕುಳಿತಿದ್ದೆ. ಈಗ ಬಿದ್ದುಹೋಗದಿರಲೆಂದು ಕೆಳಗಿನ ಬಳೆಗೆ ದಪ್ಪವಾಗಿ ನೂಲು ಸುತ್ತಿದ್ದಳು. ಜಾರಿದ ಸೆರಗಿನ ಕೆಳಗೆ ಕೊರಳ ಎಲುಬು ಬುಟ್ಟಿಯ ಹಿಡಿಕೆಯಂತೆ ಎದ್ದಿತ್ತು. ಆ ಕೆಂಪು ಬೆಳಕಿನಲ್ಲಿ ಎಲ್ಲವೂ ಬಿಡಿಸಿ ಬರೆದಂತೆ ಕಂಡಿತು.

ನನಗೆ ನಗು ನಿಂತಿತು. ಅವಳಿಗೂ.

"ಅಕ್ಕ, ಊಟ ಹಾಕಲ್ವಾ ನಿನಗೆ?"

"ಹಾಕ್ತಾರೆ. ಎಲ್ಲರದ್ದೂ ಆದ ಮೇಲೆ, ತಳ ನೋಡಿ ಹಾಕ್ತಾರೆ."

"ಕದ್ದಿದ್ದೆಯಾ?"

"ಕದಿಯೋಕೆ ಬೀಗ ತೆಗೀಬೇಕಲ್ಲೇ."

ನಾನು ಅವಳ ಕೈ ಬಿಡಲಿಲ್ಲ. "ಇಲ್ಲೇ ಸಿಕ್ಕಿಕೋ ಅಕ್ಕ. ಕಲ್ಲು ಹಿಡೀತು ಅನ್ನೋಣ. ಅಪ್ಪ ಮಾತು ಕೊಟ್ಟಿದ್ದಾರೆ, ಹಿಡಿದರೆ ಮನೆಗೆ ಕರ್ಕೊಂಡು ಹೋಗ್ತಾರೆ."

ಅಕ್ಕ ಹಿಂದಕ್ಕೆ ಬಂದಳು. ಎರಡು ಕಲ್ಲುಗಳ ನಡುವೆ ನಿಂತು, ನನ್ನ ಎದುರಿಗೇ, ಉಸಿರು ಎಳೆದುಕೊಂಡು ಎದೆ ಉಬ್ಬಿಸಿದಳು. ಎಷ್ಟು ಉಬ್ಬಿಸಿದರೂ ಕಲ್ಲಿಗೂ ಅವಳಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿದೇ ಇತ್ತು.

"ನೋಡು, ಆಗಲ್ಲ," ಎಂದಳು. "ಅಲ್ಲದೆ ಕಳ್ಳಿ ಅನ್ನಿಸ್ಕೊಂಡು ಬಂದರೆ ನಿನ್ನನ್ನ ಯಾರು ಮಾಡ್ಕೋತಾರೆ? ಅಪ್ಪ ಶಾಲೇಲಿ ತಲೆ ಎತ್ತಿ ನಡೀಬೇಕಾ ಬೇಡ್ವಾ? ನಡಿ, ಕಾಯ್ತಿರ್ತಾರೆ."

ಅಜ್ಜಿ ಅಕ್ಕನ ಬೆನ್ನ ಮೇಲೆ ಅಂಗೈ ಆಡಿಸಿ, ಸೆರಗು ಮೇಲೆತ್ತಿ ಹೊದಿಸಿದಳು. ಸೊಂಟ ಹೇಗೋ ತಿರುಚಿಕೊಂಡು ನಾನೂ ದಾಟಿದೆ. ತರಚಿದ ಗಾಯ ಎಷ್ಟೋ ದಿನ ಉರಿಯಿತು.

ಆಚೆ ಬಾಯಲ್ಲಿ ಒಂದು ಹೊಂಡ, ಅದರಲ್ಲಿ ಪಾಚಿ ಕಟ್ಟಿದ ನೀರು. ಅದರ ದಡದಲ್ಲಿ ಅವರು ಮೂವರು. ಅಕ್ಕ ಬಿಸಿಲಿಗೆ ಕಾಲಿಟ್ಟಾಗ ಕಣ್ಣು ಕತ್ತಲಾಗಿ ಬಂಡೆಗೆ ಕೈ ಊರಿದಳು. ಸೆರಗು ಮತ್ತೆ ಜಾರಿತು. ಬಳೆಗಳು ಮತ್ತೆ ಜಾರಿದವು.

ಅಪ್ಪ ನೋಡಿದರು. ಈ ಸಲ ಉಗುರನ್ನಲ್ಲ, ಜಡೆಯನ್ನಲ್ಲ. ಅವರ ಬಲಗೈ ತಾನಾಗಿ ಎದೆಗೆ ಹೋಗಿ ಸೀಟಿಯನ್ನು ಹುಡುಕಿತು. ಸೀಟಿ ಅಲ್ಲಿರಲಿಲ್ಲ. ಕೈ ಅಲ್ಲೇ ನಿಂತಿತು.

ಅತ್ತೆಗೆ ಸಂತೋಷವೇ ಆಗಿತ್ತು, ಸುಳ್ಳು ಹೇಳಬಾರದು. "ದಾಟ್ಬುಟ್ಳು! ಹಿಡೀಲೇ ಇಲ್ಲ ಕಲ್ಲು!" ಎಂದು ಮಗನ ಕಡೆ ತಿರುಗಿದಳು. "ಚೂಸಾವಾ, ನೋಡಿದ್ಯಾ? ನಮ್ಮ ಸೊಸೆ ಅಪರಂಜಿ ಕಣೋ." ಡಬ್ಬಿ ತೆರೆದು ತಂಬಿಟ್ಟಿನ ಒಂದು ಉಂಡೆ ತೆಗೆದು ತನ್ನ ಕೈಯಾರೆ ಅಕ್ಕನ ಬಾಯಿಗೆ ಹಿಡಿದಳು. "ತಿನ್ನಮ್ಮ. ಇನ್ಮೇಲೆ ಯಾರೂ ಏನೂ ಅನ್ನಾಕಿಲ್ಲ."

ಅಕ್ಕ ಒಂದು ತುತ್ತು ಕಚ್ಚಿದಳು. ಇನ್ನೊಂದು. ಆಮೇಲೆ ಉಂಡೆಯನ್ನು ತಾನೇ ಕೈಗೆ ತೆಗೆದುಕೊಂಡು, ನಮ್ಮೆಲ್ಲರಿಗೆ ಬೆನ್ನು ತಿರುಗಿಸಿ, ಬಂಡೆಗೆ ಮುಖ ಮಾಡಿ, ಸೆರಗು ಮರೆಮಾಡಿಕೊಂಡು ತಿಂದಳು. ಅಂಗೈಯಲ್ಲಿ ಉಳಿದ ಪುಡಿಯನ್ನೂ ಬಿಡಲಿಲ್ಲ. ತಿರುಗಿದಾಗ ಅವಳ ಕಣ್ಣು ಡಬ್ಬಿಯ ಮೇಲಿತ್ತು. ಅದರಲ್ಲಿ ಇನ್ನೂ ಉಂಡೆಗಳಿದ್ದವು. ಅತ್ತೆ ಮುಚ್ಚಳ ಒತ್ತಿದಳು.

"ಅಪ್ಪ," ಎಂದೆ, ಎಲ್ಲರ ಎದುರಿಗೇ. "ಅಕ್ಕನ್ನ ಮನೆಗೆ ಕರ್ಕೊಂಡು ಹೋಗೋಣ. ಅವಳು ದಾಟಿದ್ದು ಯಾಕೆ ಅಂತ ನೋಡಿ."

"ಕಲ್ಲೇ ಒಪ್ಪಿದ ಮೇಲೆ ನಿಂದೇನೇ?" ಎಂದಳು ಅತ್ತೆ. "ಬೀಗರೇ, ನೀವು ಹೇಳಿ ಕಳಿಸಿದ್ದು ಏನು?"

ಅಪ್ಪ ಅಕ್ಕನ ಕಡೆ ನೋಡಿದರು. ಅವಳು ಹೋಗುವುದಿಲ್ಲವೆಂದಿದ್ದರೆ ಸಾಕಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. ಅವಳು ನೆಟ್ಟಗೆ ನಿಂತುಕೊಂಡಳು. "ನಾನು ಹೋಗ್ತೀನಿ ಅಪ್ಪ. ದಾಟಿದ್ದೀನಲ್ಲ."

"ಮಾತು ಕೊಟ್ಟಾಗಿದೆ," ಎಂದರು ಅಪ್ಪ. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಆಮೇಲೆ ಅತ್ತೆಗೆ, ಎಂದೂ ಇಲ್ಲದ ತಗ್ಗಿದ ದನಿಯಲ್ಲಿ, "ಅಮ್ಮಾ, ಹುಡುಗಿ ಸೊರಗಿದ್ದಾಳೆ. ಊಟ ಸ್ವಲ್ಪ ನೋಡಿಕೊಳ್ಳಿ" ಎಂದರು.

"ಸರೇ ಬೀಗರೇ. ನಾವೇನು ಬ್ಯಾಡ ಅಂತೀವಾ? ಸಾಕು ಅನ್ನೋಳು ಅವಳೇ."

ಜಾಲಿಯ ಹತ್ತಿರ ಬಂದು ಅತ್ತೆ ಗೊಂಚಲು ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಗಾಡಿ ಹೊರಟಿತು. ಅಕ್ಕ ಹಿಂಬದಿಯಲ್ಲಿ ಕುಳಿತು ಸೆರಗು ಹೊದ್ದಳು. ಅಪ್ಪ ಗಡಿಯಾರ ತೆಗೆದುಕೊಂಡರು. ಸೀಟಿಯನ್ನು ಮರೆತರು, ನಾನು ತಂದುಕೊಟ್ಟೆ. ಕೊರಳಿಗೆ ಹಾಕಿಕೊಳ್ಳದೆ ಜೇಬಿಗೆ ಹಾಕಿಕೊಂಡರು.

ಆಷಾಢದ ಗಾಳಿ ಇನ್ನೂ ನಿಂತಿರಲಿಲ್ಲ, ಅದೇ ಆಳು ಬಂದ. ಈ ಸಲ ಮಜ್ಜಿಗೆ ಮುಟ್ಟಲಿಲ್ಲ. ಜ್ವರ ಬಂದು ಅಕ್ಕ ಹೋಗಿಬಿಟ್ಟಳಂತೆ. ನಾವು ಹೋಗುವ ಹೊತ್ತಿಗೆ ಮಣ್ಣು ಮಾಡಲು ಎಲ್ಲ ಸಿದ್ಧವಾಗಿತ್ತು. ಅತ್ತೆ ಅವ್ವನನ್ನು ತಬ್ಬಿಕೊಂಡು ಅತ್ತಳು, ನಿಜವಾಗಿಯೇ ಅತ್ತಳು. "ಹಿಡಿಗಲ್ಲು ದಾಟಿದ ಸೊಸೆ, ಊರೆಲ್ಲ ಹೇಳ್ಕೊಂಡು ತಿರುಗಿದ್ದೆ" ಎಂದಳು. ಅಕ್ಕನ ಕೈಯಲ್ಲಿ ಬಳೆ ಇರಲಿಲ್ಲ. ಜಾರಿ ಒಡೆದುಹೋಗುತ್ತವೆ ಎಂದು ಅವಳೇ ತೆಗೆದು ಗೂಡಿನಲ್ಲಿ ಇಟ್ಟಿದ್ದಳಂತೆ, ಅವಕ್ಕೆ ನೂಲು ಹಾಗೆಯೇ ಸುತ್ತಿತ್ತು. ಅಪ್ಪ ಅವನ್ನು ಕೇಳಿ ತೆಗೆದುಕೊಂಡು ಬಂದರು.

ಶಾಲೆಯಲ್ಲಿ ಡ್ರಿಲ್ ನಡೆಯಿತು. ಮನೆಯಲ್ಲಿ ಸೀಟಿ ನಿಂತಿತು. ನಾನು ಎಂದಿನಂತೆ ಎದ್ದು, ಚಾಪೆ ಸುತ್ತಿ, ನಡುಮನೆಯಲ್ಲಿ ನಿಲ್ಲುತ್ತಿದ್ದೆ. ಅಪ್ಪ ಬಂದು ಉಗುರು ನೋಡುತ್ತಿರಲಿಲ್ಲ. ನನ್ನ ಮಣಿಕಟ್ಟನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ನೋಡುತ್ತಿದ್ದರು. "ಸರಿ" ಎನ್ನುತ್ತಿರಲಿಲ್ಲ.

ನನ್ನ ಮದುವೆ ಸಿರಾದ ಕಡೆ ಆಯಿತು. ಒಳ್ಳೆಯ ಮನೆ. ಅಲ್ಲಿ ಊಟಕ್ಕೆ ಬೀಗವಿರಲಿಲ್ಲ, ಅಪ್ಪನಿಗೆ ಅದು ಗೊತ್ತಿತ್ತು. ಆದರೂ ವರ್ಷವರ್ಷ ಅವರು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಸಿರಾ ಪೇಟೆಯಿಂದ ಬಳೆಗಾರನನ್ನು ಸಂಗಡ ಕರೆದುಕೊಂಡು. ನನಗೆ ಬಳೆ ಬೇಕೋ ಬೇಡವೋ ಕೇಳುತ್ತಿರಲಿಲ್ಲ. ಜಗಲಿಯ ಮೇಲೆ ಕೂರಿಸುತ್ತಿದ್ದರು. ಬಳೆಗಾರ ನನ್ನ ಕೈಯನ್ನು ಒತ್ತಿ, ಮಡಿಸಿ, ಅಳತೆಯ ಬಳೆ ತೂರಿಸಿ ನೋಡುವವರೆಗೆ ಅಪ್ಪ ಕಂಬ ಹಿಡಿದು ನಿಂತಿರುತ್ತಿದ್ದರು, ಕೈಯಲ್ಲಿ ಕೊಡೆ, ಕಾಲಲ್ಲಿ ಇನ್ನೂ ದಾರಿಯ ಧೂಳು.

"ಹೋದ ಸಲದ್ದೇ ಅಳತೆ, ಮಾಸ್ತರ್ ಸಾಹೇಬ್ರೇ," ಎನ್ನುತ್ತಿದ್ದ ಬಳೆಗಾರ.

"ಇನ್ನೊಂದು ಸಲ ನೋಡು," ಎನ್ನುತ್ತಿದ್ದರು ಅಪ್ಪ.

ಅವನು ಇನ್ನೊಂದು ಸಲ ನೋಡುತ್ತಿದ್ದ.